ಲದ್ದಿ ತೋರಿಸಿದರೆ ಪರಿಹಾರ

ದೆಹಲಿ ಹೈಕೋರ್ಟಿಗೆ ನಾವು ಚಿಕ್ಕಮಗಳೂರಿನವರು ಒಂದು ಥ್ಯಾಂಕ್ಸ್ ಹೇಳಲೇಬೇಕು. 2025ರಲ್ಲಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಕೇಸೊಂದರ ತೀರ್ಪಿನಲ್ಲಿ ಅದು ಕಾಫಿಯನ್ನು ನೆನೆಸಿಕೊಂಡಿತು. ನಾವಿಲ್ಲಿ ಬೆಂಕಿ ಕಾಯಿಸುತ್ತಾ ಬಿಸಿ ಕ್ಯಾಪುಚಿನೊ ಹೀರುವಾಗ ಗಡಿಯಲ್ಲಿ ಸೈನಿಕರು ಕೊರೆಯುವ ಗಾಳಿಗೆ ಮೈಯೊಡ್ಡಿ ನಿಂತಿರುತ್ತಾರೆ ಅನ್ನುವ ಅರ್ಥದ ಮಾತು. ಒಳ್ಳೆ ಮಾತು. ನಾವೂ ಓದಿ ತಲೆದೂಗಿದೆವು, ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿದೆವು.

ಒಂದು ಸಣ್ಣ ತಿದ್ದುಪಡಿ ಮಾತ್ರ. ಇಲ್ಲಿ ಕ್ಯಾಪುಚಿನೊ ಕುಡಿಯುವವರು ಹೋಂಸ್ಟೇಗೆ ಬಂದ ಬೆಂಗಳೂರಿನವರು. ಕಾಫಿ ಕುಯ್ಯುವವರು ಲೋಟದಲ್ಲಿ ಬೆಲ್ಲದ ಕಾಫಿ ಕುಡಿಯುತ್ತಾರೆ, ಚಿಕೋರಿ ಜಾಸ್ತಿ ಆಯ್ತು ಅಂತ ಗೊಣಗಿಕೊಂಡು. ಶನಿವಾರ ಬಂತೆಂದರೆ ಮುಳ್ಳಯ್ಯನಗಿರಿ ರಸ್ತೆ ತುಂಬಾ ಜೀಪು. ಅರ್ಧಕ್ಕರ್ಧ ಜೀಪಿಗೆ ಮಿಲಿಟರಿ ಹಸಿರು, ಹಿಂದೆ ‘ಇಂಡಿಯನ್ ಆರ್ಮಿ’ ಸ್ಟಿಕ್ಕರ್, ಒಳಗೆ ಕಮಾಂಡೋ ಟೋಪಿ ಹಾಕಿಕೊಂಡ ಸಾಫ್ಟ್‌ವೇರ್ ಹುಡುಗ. ಗುಂಡಿಯಲ್ಲಿ ಗಾಡಿ ಎರಡು ಸಲ ಕುಲುಕಿದರೆ ಸಾಕು, ಅವನಿಗೆ ‘ಟ್ರಾಮಾ’, ಅಂದರೆ ಮನಸ್ಸಿಗೆ ಆಘಾತ. ಇರಲಿ ಬಿಡಿ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಟ್ರಾಮಾವನ್ನು ಅವನ ಕಂಪನಿ ಕೇಳಿದ ತಕ್ಷಣ ನಂಬುತ್ತದೆ. ನನಗೆ ಹೊಟ್ಟೆಕಿಚ್ಚು ಇರುವುದು ಅಷ್ಟಕ್ಕೇ.

ಮೂಡಿಗೆರೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಒಬ್ಬ ಮಾಜಿ ಹವಾಲ್ದಾರ್ ನನಗೆ ಪರಿಚಯ. ಕಾಶ್ಮೀರದಲ್ಲಿ ಇದ್ದು ಬಂದವರು. ರಾತ್ರಿ ತೋಟಕ್ಕೆ ಆನೆ ಇಳಿದರೆ ಓಡಿಸಲು ಪಟಾಕಿ ಹೊಡೆಯುತ್ತಾರಲ್ಲ, ಮೊದಲ ಸದ್ದಿಗೇ ಇವರು ಮಂಚದಿಂದ ನೆಲಕ್ಕೆ ಬಿದ್ದಿರುತ್ತಾರೆ. ಹೆಂಡತಿಯ ಭುಜ ಒತ್ತಿ ಹಿಡಿದು, ತಲೆ ಎತ್ತಬೇಡ ಅಂತ ಹಿಂದಿಯಲ್ಲಿ ಹೇಳುತ್ತಾರೆ. ಆಕೆಗೆ ಹಿಂದಿ ಬರುವುದಿಲ್ಲ. ಆ ಒಂದು ವಾಕ್ಯ ಮಾತ್ರ ಬಾಯಿಪಾಠ ಆಗಿದೆ. ಆನೆ ಆಚೆ ತೋಟಕ್ಕೆ ಹೋಗಿ ಎಷ್ಟೋ ಹೊತ್ತಾದ ಮೇಲೂ ಇವರು ಏಳುವುದಿಲ್ಲ.

ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದರು. ಈ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಅಂತ ಉತ್ತರ ಬಂತು. ಯಾಕೆಂದರೆ ನಡುಕ, ನಿದ್ದೆಗೇಡು ಎಲ್ಲ ಕಾಗದದ ಮೇಲೆ ಶುರುವಾದದ್ದು ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಗುಂಡಿನ ಸದ್ದಿಲ್ಲದ ಶಾಂತ ಊರಿನ ಪೋಸ್ಟಿಂಗಿನಲ್ಲಿ. ಗುಂಡು ಹಾರುವಾಗ ಈ ಮನುಷ್ಯ ಹೆದರಲಿಲ್ಲ, ಕೆಲಸ ಮಾಡಿದರು. ಅದೇ ತಪ್ಪಾಗಿಹೋಯಿತು. ಅಲ್ಲೇ ಬಂಕರಿನಲ್ಲಿ ಕುಸಿದು ಕೂತು, ಡಾಕ್ಟರರನ್ನು ಕರೆಸಿ, ತಾರೀಕು ಹಾಕಿಸಿಕೊಂಡು ಒಂದು ಸಹಿ ತೆಗೆದುಕೊಳ್ಳಬೇಕಿತ್ತು. ಎದುರುಗಡೆಯವನ ಸಹಿಯೂ ಸಿಕ್ಕಿದ್ದರೆ ಇನ್ನೂ ಒಳ್ಳೆಯದು.

ಈ ವಿಷಯದಲ್ಲಿ ನಮ್ಮ ಆನೆಗಳೇ ವಾಸಿ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನವರನ್ನು ಬೇಕಾದರೆ ಕೇಳಿ. ಆನೆ ತೋಟಕ್ಕೆ ನುಗ್ಗಿದರೆ ಮುರಿದ ಕಾಫಿ ಗಿಡ ಇರುತ್ತದೆ, ಹೆಜ್ಜೆ ಗುರುತು ಇರುತ್ತದೆ, ಮುಖ್ಯವಾಗಿ ಲದ್ದಿ ಇರುತ್ತದೆ. ಫೋಟೋ ತೆಗೆದು ಅರಣ್ಯ ಇಲಾಖೆಯ ಆನ್‌ಲೈನ್ ಇ-ಪರಿಹಾರಕ್ಕೆ ಹಾಕಬಹುದು. ದುಡ್ಡು ಕಡಿಮೆ, ತಡ, ಅದೆಲ್ಲ ಬೇರೆ ಜಗಳ. ಆದರೆ ನಿಮ್ಮ ತೋಟ ಹುಟ್ಟಿನಿಂದಲೇ ಹೀಗಿತ್ತು ಅಂತ ಯಾರೂ ಬರೆಯುವುದಿಲ್ಲ. ಯುದ್ಧ ತಲೆಯೊಳಗೆ ನುಗ್ಗಿದರೆ ಲದ್ದಿ ಹಾಕಿ ಹೋಗುವುದಿಲ್ಲ ನೋಡಿ, ಅದೇ ಸಮಸ್ಯೆ.

ಕಾನೂನು ಇಲ್ಲವೇ ಅಂದರೆ, ಇದೆ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಅವನು ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು, ಆಮೇಲೆ ಬಂದ ಕಾಯಿಲೆಗೆ ಸೇವೆ ಕಾರಣವಲ್ಲ ಅನ್ನುವುದಾದರೆ ಅದನ್ನು ಸರ್ಕಾರವೇ ಸಾಬೀತು ಮಾಡಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲೇ, ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಹೇಳಿದೆ. ಅದಾಗಿ ಹನ್ನೆರಡು ವರ್ಷದ ಮೇಲೂ, ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೊಡಿ ಅಂದ ಪಿಂಚಣಿಯನ್ನು ಕೊಡಲ್ಲ ಅಂತ ಸರ್ಕಾರ ಹಾಕಿದ್ದ ಸುಮಾರು 300 ಅರ್ಜಿಗಳನ್ನು ದೆಹಲಿ ಹೈಕೋರ್ಟು ಒಟ್ಟಿಗೆ ವಜಾ ಮಾಡಬೇಕಾಯಿತು. ಎಂಥ ಛಲ! ಸೋತರೂ ಹಿಂದೆ ಸರಿಯದ ಆ ಕೆಚ್ಚಿಗೆ ಯಾರಾದರೂ ಒಂದು ಪದಕ ಕೊಡಿ.

ಯುದ್ಧದಿಂದ ಮನಸ್ಸು ಕೆಟ್ಟ ಸೈನಿಕರಿಗಾಗಿ ಅಮೆರಿಕದವರು 2010ರಲ್ಲಿ ನಿಯಮ ಸಡಿಲಿಸಿದರು. ಶತ್ರುವಿನ ಭಯದಲ್ಲಿ ಇದ್ದು ಬಂದವನು ಇಂಥ ದಿನ ಇಂಥ ಘಟನೆ ಅಂತ ಬಿಡಿಬಿಡಿಯಾಗಿ ದಾಖಲೆ ತರಬೇಕಿಲ್ಲ, ಅವನಿದ್ದ ಜಾಗಕ್ಕೆ ಮಾತು ಹೊಂದಿದರೆ, ಸರ್ಕಾರದ ಡಾಕ್ಟರು ಹೌದು ಅಂದರೆ ಸಾಕು ಅಂತ. ಬ್ರಿಟಿಷರದು ಇನ್ನೊಂದು ದಾರಿ. ಮೊದಲ ಮಹಾಯುದ್ಧದಲ್ಲಿ ಹೇಡಿಗಳು, ಓಡಿಹೋದವರು ಅಂತ ತಮ್ಮವರನ್ನೇ ಗುಂಡಿಟ್ಟು ಕೊಂದರು. ಅಂಥ 306 ಜನಕ್ಕೆ 2006ರಲ್ಲಿ ಕ್ಷಮೆ ಕೊಟ್ಟರು. ಅದಕ್ಕೆ ಹೋಲಿಸಿದರೆ ನಾವು ಕರುಣಾಮಯಿಗಳು. ನಮ್ಮಲ್ಲಿ ಗುಂಡಿಲ್ಲ, ಬರೀ ರಿಜಿಸ್ಟರ್ಡ್ ಪೋಸ್ಟು.

ಹಾಗಂತ ಗೌರವಕ್ಕೆ ಕಡಿಮೆ ಮಾಡಿಲ್ಲ. ಜುಲೈ 26 ಬಂದರೆ ಕಾರ್ಗಿಲ್ ವಿಜಯ ದಿವಸ. ವೇದಿಕೆ, ಪೇಟ, ಶಾಲು, ಸೇಬಿನ ಬುಟ್ಟಿ. ಫೋಟೋ ಸರಿಯಾಗಿ ಬರಲಿಲ್ಲ ಅಂತ ಅದೇ ಶಾಲನ್ನು ಇನ್ನೊಂದು ಸಲ ಹೊದಿಸುವುದೂ ಉಂಟು. ಆಮೇಲೆ, ಸೈನಿಕರ ಗೌರವಾರ್ಥ, ಸ್ಟೇಜಿನ ಪಕ್ಕದಲ್ಲೇ ಹತ್ತು ಸಾವಿರದ ಸರಪಟಾಕಿ. ನಮ್ಮ ಹವಾಲ್ದಾರರು ಒಂದು ಸಲ ಹೋಗಿದ್ದರು. ಕುರ್ಚಿ ಕೆಳಗೆ ನುಸುಳಿದವರನ್ನು ನೋಡಿ ಹಿಂದಿನ ಸಾಲಿನವರು ನಕ್ಕರು. ಸಂಜೆಯಿಂದಲೇ ಹಾಕ್ಕೊಂಡಿದಾನೆ ಅಂದರು.

ಅಂದಹಾಗೆ, ಅದು ಮಾತ್ರ ಸರ್ಕಾರ ಸಲೀಸಾಗಿ ಕೊಡುತ್ತದೆ. ಮಿಲಿಟರಿ ಕ್ಯಾಂಟೀನಿನಲ್ಲಿ ರಮ್ಮು, ರಿಯಾಯಿತಿ ದರದಲ್ಲಿ, ತಿಂಗಳಿಗಿಷ್ಟು ಅಂತ. ಯಾವ ಮೆಡಿಕಲ್ ಬೋರ್ಡಿನ ಮುಂದೆಯೂ ನಿಲ್ಲಬೇಕಿಲ್ಲ, ಕಾರ್ಡು ತೋರಿಸಿದರೆ ಸಾಕು. ಕುಡಿದು ಹಾಳಾದರೆ ಆಗ ಫೈಲು ಇನ್ನೂ ಸುಲಭ: ಇವನು ಕುಡುಕ, ತನ್ನ ತಪ್ಪಿನಿಂದಲೇ ಹೀಗಾಗಿದ್ದಾನೆ.

ನಗು ಬರುತ್ತಿಲ್ಲ, ಅಲ್ವಾ? ನನಗೂ ಬರುತ್ತಿಲ್ಲ. ಹದಿನೆಂಟು ಹತ್ತೊಂಬತ್ತರ ಹುಡುಗನನ್ನು ಎದೆ ಅಳೆದು, ಓಡಿಸಿ, ಹಲ್ಲು ಕಿವಿ ಎಲ್ಲ ನೋಡಿ, ಗಟ್ಟಿಮುಟ್ಟು ಅಂತ ಠಸ್ಸೆ ಒತ್ತಿ ಕರೆದುಕೊಂಡು ಹೋದವರು ನೀವೇ. ಕೆಟ್ಟು ವಾಪಸ್ ಬಂದ ಮೇಲೆ ಇವನು ಮೊದಲಿಂದ ಹೀಗೇ ಇದ್ದ ಅನ್ನುವವರೂ ನೀವೇ. ಇದನ್ನು ಹೇಳುವುದಕ್ಕೆ ವಕೀಲರಿಗೆ ಫೀಸು ಬೇರೆ.

ಕೇಸು ಗೆದ್ದರೂ ಮುಗಿಯುವುದಿಲ್ಲ. ಪೂರ್ತಿ ಅವಧಿ ಸೇವೆ ಮುಗಿಸಿ ನಿವೃತ್ತರಾದವರ ಅಂಗವೈಕಲ್ಯ ಪಿಂಚಣಿಗೆ ತೆರಿಗೆ ವಿನಾಯಿತಿ ಇಲ್ಲ, ಅರ್ಧದಲ್ಲೇ ಅನರ್ಹರೆಂದು ಹೊರಬಿದ್ದವರಿಗೆ ಮಾತ್ರ ಅಂತ 2019ರ ಜೂನ್‌ನಲ್ಲಿ ಆದಾಯ ತೆರಿಗೆಯವರ ಸುತ್ತೋಲೆ ಬಂತು. ಅದೂ ಕೋರ್ಟಿಗೆ ಹೋಯಿತು. ಹವಾಲ್ದಾರರಿಗೆ ಆ ಚಿಂತೆ ಸದ್ಯಕ್ಕೆ ಇಲ್ಲ, ಪಿಂಚಣಿ ಸಿಕ್ಕಿದರೆ ತಾನೆ. ಅಪೀಲು ಬರೆಯೋಣ ಅಂತ ಮೊನ್ನೆ ಕೂತಿದ್ದೆವು. ಕಾಯಿಲೆ ಶುರುವಾದ ತಾರೀಕು ಅಂತ ಒಂದು ಕಾಲಂ ಇದೆ. ಯಾವುದನ್ನು ಬರೀಲಿ ಸಾರ್, ಸುಮಾರು ಇವೆ ಅಂದರು.