ಕುದುರೆ, ಒಣಹೂವು ಬರೀ ಗೋಡೆಯ ಅಲಂಕಾರ ಅಲ್ಲ

ಕುದುರೆ, ಒಣಗಿದ ಹೂವು ಎಲ್ಲಾ ಡ್ರಾಯಿಂಗ್ ರೂಮಿನ ಗೋಡೆಗೆ ಮಾತ್ರ ಲಾಯಕ್ಕು, ಹೊಸ ಚಿತ್ರಕಲೆಗೆ ಅವು ಬೇಡ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ.

1970ರ ದಶಕದ ನ್ಯೂಯಾರ್ಕನ್ನೇ ನೋಡಿ. ಚಿತ್ರದಲ್ಲಿ ಗುರುತು ಸಿಗುವ ಆಕಾರವೇ ಬೇಡ ಎನ್ನುವ ಮಾತು ಜೋರಾಗಿದ್ದ ಕಾಲ. ಆಗ ಅಮೆರಿಕದ ಚಿತ್ರಕಲಾವಿದೆ ಸೂಸನ್ ರೋಥೆನ್‌ಬರ್ಗ್ ದೊಡ್ಡ ಕ್ಯಾನ್ವಾಸ್ ಮೇಲೆ ಕುದುರೆ ಬರೆದರು. 1975ರಲ್ಲಿ ಪ್ರದರ್ಶನವೂ ಆಯಿತು. ಇಟ್ಟಿಗೆ ಬಣ್ಣದ ಹಿನ್ನೆಲೆ, ಪಕ್ಕಕ್ಕೆ ತಿರುಗಿದ ಚಪ್ಪಟೆ ಕುದುರೆ. ಅದರ ಮೈಯನ್ನೇ ಸೀಳಿಕೊಂಡು ಮೇಲಿಂದ ಕೆಳಗೆ ಒಂದು ಗೆರೆ! ಕಣ್ಣು ಕುದುರೆಯ ಜೊತೆ ಓಡಲು ಹೊರಡುತ್ತದೆ, ಆ ಗೆರೆ ತಡೆದು ನಿಲ್ಲಿಸುತ್ತದೆ. ಇದು ಅಲಂಕಾರವಾ?

ನಮ್ಮ ಎಂ. ಎಫ್. ಹುಸೇನರ ಕುದುರೆಗಳಂತೂ ಎಲ್ಲರಿಗೂ ಗೊತ್ತು. ಅವುಗಳ ನಕಲು ಜಾಸ್ತಿಯಾಗಿದ್ದರೆ ಅದು ಕುದುರೆಯ ತಪ್ಪಲ್ಲ.

ಒಣಹೂವಿನ ವಿಷಯದಲ್ಲಿ ಜರ್ಮನಿಯ ಕಲಾವಿದ ಆನ್ಸೆಲ್ಮ್ ಕೀಫರ್ ಅವರನ್ನು ಬಿಟ್ಟರೆ ಹೇಗೆ? 1992ರಲ್ಲಿ ದಕ್ಷಿಣ ಫ್ರಾನ್ಸಿಗೆ ಹೋದ ಮೇಲೆ ಅವರ ಚಿತ್ರಗಳಲ್ಲಿ ಸೂರ್ಯಕಾಂತಿ ಮತ್ತೆ ಮತ್ತೆ ಬರುತ್ತದೆ. ಹಳದಿ ಹೂವಲ್ಲ, ಕಪ್ಪಾಗಿ ತಲೆ ಬಗ್ಗಿಸಿದ್ದು. ಕೆಲವು ಕಡೆ ನಿಜವಾದ ಒಣಗಿದ ಗಿಡವನ್ನೇ ಕ್ಯಾನ್ವಾಸಿಗೆ ಅಂಟಿಸಿದ್ದಾರೆ, ಬೀಜ ಸಮೇತ. ಹೂ ಸತ್ತಿದೆ, ಆದರೆ ಬೀಜ ತುಂಬಿದೆ ಅಲ್ವಾ? ಹಸಿ ಹೂವನ್ನು ಬರೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನಾನೂ ಒಣಗಿದ ಚೆಂಡುಹೂವನ್ನು ಬರೆಯುತ್ತೇನೆ. ದಳಗಳ ಅಂಚು ಸುರುಟಿ, ಕೇಸರಿ ಕಂದಾಗುವ ಜಾಗದಲ್ಲಿ ಸಿಗುವ ಬಣ್ಣ ಟ್ಯೂಬಿನಿಂದ ಬರುವುದಿಲ್ಲ, ಬೆರೆಸಿಯೇ ಹುಡುಕಬೇಕು. ಮುಂದಿನ ಲೇಖನದಲ್ಲಿ ದಯವಿಟ್ಟು ರೋಥೆನ್‌ಬರ್ಗ್, ಕೀಫರ್ ಇಬ್ಬರ ಬಗ್ಗೆಯೂ ಬರೆಯಿರಿ.