ಹಿಂಬಾಗಿಲಿನ ಗೌನು

ಹರ್ನಿಯಾ ಆಪರೇಷನ್ ಅಂದ್ರೆ ದೊಡ್ಡ ಸಂಗತಿಯೇನಲ್ಲ, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ್ದು ಆಪರೇಷನ್ನಿನ ಬಗ್ಗೆ ಮಾತ್ರ. ಅದಕ್ಕೆ ಮುಂಚೆ ಹಾಕಿಕೊಳ್ಳಬೇಕಾದ ಬಟ್ಟೆಯ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಮಂಗಳೂರಿನ ಒಂದು ಆಸ್ಪತ್ರೆ. ಮೂರನೇ ಮಾಳಿಗೆ. ಬೆಳಿಗ್ಗೆ ಆರೂವರೆಗೆ ಸಿಸ್ಟರ್ ಬಂದು ಮಡಚಿದ ಹಸಿರು ಬಟ್ಟೆಯೊಂದನ್ನು ಹಾಸಿಗೆಯ ಮೇಲೆ ಇಟ್ಟರು.

"ಅಂಕಲ್, ಎಲ್ಲ ತೆಗೆದು ಇದು ಹಾಕಿಕೊಳ್ಳಿ."

"ಎಲ್ಲ ಅಂದ್ರೆ?"

"ಎಲ್ಲ."

"ಒಳಗಿನದ್ದು?"

"ಅದೂ ಎಲ್ಲದರಲ್ಲೇ ಬರ್ತದೆ ಅಂಕಲ್."

ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಭುಜ ಮಾತ್ರ ಅಲುಗಾಡುತ್ತಿತ್ತು.

ಬಟ್ಟೆ ಬಿಡಿಸಿ ನೋಡಿದೆ. ಎರಡು ಗಿಡ್ಡ ತೋಳು, ಕುತ್ತಿಗೆಗೊಂದು ತೂತು, ಮೊಣಕಾಲಿನವರೆಗೆ ಉದ್ದ. ಇಷ್ಟರವರೆಗೆ ಮರ್ಯಾದೆಯ ಅಂಗಿಯೇ. ಆದರೆ ಒಂದು ಬದಿ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ತೆರೆದಿತ್ತು. ಅದನ್ನು ಮುಚ್ಚಲು ನಾಲ್ಕು ಲಾಡಿ ಇರಬೇಕಿತ್ತು. ಒಗೆದು ಒಗೆದು ಎರಡು ಉದುರಿ ಹೋಗಿದ್ದವು. ಉಳಿದದ್ದು ಕುತ್ತಿಗೆಯ ಎಡಗಡೆ ಒಂದು, ಸೊಂಟದ ಬಲಗಡೆ ಒಂದು. ಈ ಜನ್ಮದಲ್ಲಿ ಕೂಡಿ ಬರುವ ಜೋಡಿಯಲ್ಲ.

ಐವತ್ತು ವರ್ಷದಿಂದ ಅಂಗಿ ಹಾಕಿದ ಮನುಷ್ಯ ನಾನು. ತೆರೆದ ಬದಿ ಮುಂದೆ ಬರಬೇಕು ಎಂಬುದರಲ್ಲಿ ನನಗೆ ಸಂಶಯವೇ ಬರಲಿಲ್ಲ. ಹಾಗೇ ಹಾಕಿ, ಎರಡೂ ಅಂಚನ್ನು ಕೈಯಲ್ಲಿ ಒತ್ತಿ ಹಿಡಿದು ನಿಂತೆ. ಸಿಸ್ಟರ್ ಮತ್ತೆ ಬಾಗಿಲು ತೆರೆದರು.

"ಅಯ್ಯೋ ಅಂಕಲ್, ತಿರುಗಿಸಿ, ತಿರುಗಿಸಿ!"

ನಾನು ಗಡಬಡಿಸಿ ತಿರುಗಿ ಗೋಡೆಗೆ ಮುಖ ಮಾಡಿ ನಿಂತೆ.

"ನಿಮ್ಮನ್ನಲ್ಲ. ಗೌನನ್ನು."

ನಮ್ಮ ಕರಾವಳಿಯ ಗಂಡಸರಿಗೆ ಒಂದು ಅಭ್ಯಾಸ ಉಂಟು. ಮನೆಗೆ ಬಂದ ಕೂಡಲೇ ಪ್ಯಾಂಟು ಕಳಚಿ ಮುಂಡು ಸುತ್ತುವುದು. ಗುಂಡಿ ಇಲ್ಲ, ಹೊಲಿಗೆ ಇಲ್ಲ, ಲಾಡಿ ಇಲ್ಲ. ಆದರೂ ಮೇಲೆ ಎತ್ತಿ ಕಟ್ಟಿ ತೆಂಗಿನ ಮರ ಹತ್ತಬಹುದು, ಕೆಳಗೆ ಬಿಟ್ಟು ದೇವಸ್ಥಾನಕ್ಕೆ ಹೋಗಬಹುದು. ಇಷ್ಟು ವರ್ಷದಲ್ಲಿ ಮುಂಡು ನನಗೆ ಒಂದು ದಿನವೂ ಕೈಕೊಟ್ಟದ್ದಿಲ್ಲ. ಬರೀ ಒಂದು ತುಂಡು ಬಟ್ಟೆ ಉಳಿಸಿಕೊಡುವ ಮಾನವನ್ನು ತೋಳಿಟ್ಟು ಹೊಲಿದ ಅಂಗಿ ಹೀಗೆ ಕಳೆಯಬಹುದು ಎಂದು ನಾನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ನನ್ನ ಎಕೋ, ಅಂದರೆ ಹೃದಯದ ಸ್ಕ್ಯಾನ್, ಒಂದು ಬಾಕಿ ಉಂಟಂತೆ. ಅದು ನೆಲಮಾಳಿಗೆಯಲ್ಲಿ. ವೀಲ್ ಚೇರ್ ಬರ್ತದೆ, ಹತ್ತು ನಿಮಿಷ ಕೂತ್ಕೊಳ್ಳಿ ಎಂದರು. ಇಲ್ಲಿ ನಾನೊಂದು ತಪ್ಪು ಮಾಡಿದೆ. "ನನ್ನ ಕಾಲಿಗೇನೂ ಆಗಿಲ್ಲ, ನಡೆದುಕೊಂಡೇ ಹೋಗ್ತೇನೆ" ಎಂದೆ. ಹೈಸ್ಕೂಲು ಮೇಷ್ಟ್ರ ಬಾಯಿ. ಫೈಲು ಹಿಡಿದುಕೊಂಡು ಹೆಂಡತಿ ಮೊದಲೇ ಇಳಿದು ಹೋಗಿದ್ದಳು.

ಕಾರಿಡಾರಿನಲ್ಲಿ ನಾನು ನಡೆದದ್ದನ್ನು ಪಣಂಬೂರಿನ ಮರಳಿನಲ್ಲಿ ಏಡಿಗಳು ನೋಡಿದ್ದರೆ ನಮ್ಮವನೇ ಅನ್ನುತ್ತಿದ್ದವು. ಬೆನ್ನು ಗೋಡೆಗೆ, ಮುಖ ಜನರಿಗೆ, ನಡಿಗೆ ಅಡ್ಡಕ್ಕೆ. ಎದುರು ಬಂದವರಿಗೆಲ್ಲ ನಗುನಗುತ್ತಾ ನಮಸ್ಕಾರ. ಒಂದು ಕೈಯಲ್ಲಿ ಮಾತ್ರ. ಇನ್ನೊಂದಕ್ಕೆ ಹಿಂದೆ ಕೆಲಸ ಇತ್ತು.

ಲಿಫ್ಟಿನ ಒಳಗೆ ಹೊಕ್ಕು ಹಿಂದಿನ ಗೋಡೆಗೆ ಒರಗಿ ನಿಂತಾಗ ದೊಡ್ಡ ಯುದ್ಧ ಗೆದ್ದ ಹಾಗಾಯಿತು. ಕೈಗೂ ಸ್ವಲ್ಪ ರಜೆ ಕೊಟ್ಟೆ. ಮೂರು, ಎರಡು, ಒಂದು. ನೆಲಮಾಳಿಗೆ ಬಂತು. ನಾನು ನೋಡುತ್ತಿದ್ದ ಬಾಗಿಲು ತೆರೆಯಲಿಲ್ಲ.

ನಾನು ಒರಗಿದ್ದ ಗೋಡೆ ತೆರೆಯಿತು.

ಕೆಲವು ಆಸ್ಪತ್ರೆಗಳ ಲಿಫ್ಟಿಗೆ ಎರಡು ಕಡೆ ಬಾಗಿಲು ಇರುತ್ತದೆ. ಸ್ಟ್ರೆಚರನ್ನು ಒಂದು ಕಡೆಯಿಂದ ತಳ್ಳಿ ಇನ್ನೊಂದು ಕಡೆಯಿಂದ ಎಳೆಯಲು ಅನುಕೂಲ. ಬಹಳ ಒಳ್ಳೆಯ ಏರ್ಪಾಡು. ಈ ಬಾಗಿಲಿನ ಎದುರಿಗೇ ಔಷಧದ ಕೌಂಟರ್. ಅದರ ಮುಂದೆ ಕ್ಯೂ. ಕ್ಯೂವಿನಲ್ಲಿದ್ದವರಿಗೆ ಬೇರೆ ಕೆಲಸ ಇರಲಿಲ್ಲ.

"ಹೋ! ಮಾಸ್ಟ್ರಲ್ವಾ?"

ನನ್ನ ಮುಖ ಇನ್ನೂ ಲಿಫ್ಟಿನ ಒಳಗಡೆಯೇ ಇತ್ತು. ಆ ಮನುಷ್ಯ ನನ್ನನ್ನು ಗುರುತು ಹಿಡಿದದ್ದು ಯಾವುದನ್ನು ನೋಡಿ? ಈ ಪ್ರಶ್ನೆಯನ್ನು ಹೆಂಡತಿ ಆಮೇಲೆ ಮೂರು ದಿನ ಕೇಳಿದ್ದಾಳೆ.

ಅದಕ್ಕೆ ಉತ್ತರ ಉಂಟು. ಅವರು ನಮ್ಮ ಹವ್ಯಾಸಿ ಯಕ್ಷಗಾನ ಸಂಘದ ಶೆಟ್ರು. ನಾನು ವರ್ಷಕ್ಕೆ ಎರಡು ಮೂರು ಸಲ ವೇಷ ಮಾಡುವವ. ಹದಿನೈದು ವರ್ಷದಿಂದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ನನ್ನ ಹಿಂದೆ ನಿಂತು ದಾರ ಬಿಗಿಯುವವರು ಅವರೇ. ನನ್ನ ಮುಖಕ್ಕೆ ಬಣ್ಣ ಬಿದ್ದ ಮೇಲೆ ಅವರು ನೋಡುವುದೇ ನನ್ನ ಬೆನ್ನನ್ನು. ಗುರುತು ಹಿಡಿಯದೆ ಇರ್ತಾರಾ?

ಶೆಟ್ರು ಕ್ಯೂ ಬಿಟ್ಟು ಬಂದರು. ಏನೂ ಕೇಳಲಿಲ್ಲ. ಹೆಗಲ ಮೇಲಿದ್ದ ಬೈರಾಸು, ಅಂದರೆ ಟವೆಲು, ತೆಗೆದರು. ಗೌನಿನ ಎರಡು ಅಂಚನ್ನು ಒಂದರ ಮೇಲೊಂದು ಎಳೆದು, ಬೈರಾಸನ್ನು ಮೇಲಿಂದ ಸುತ್ತಿ, ಮೊಣಕಾಲು ಊರಿ ಎಳೆದರು.

"ಉಸಿರು ಎಳ್ಕೊಳ್ಳಿ."

"ಶೆಟ್ರೆ, ಹರ್ನಿಯಾ! ಮೆಲ್ಲ!"

"ಓ, ಹೌದಲ್ಲ. ಅಭ್ಯಾಸ ಬಲ."

ಗಂಟು ಹಾಕಿ ಎದ್ದು ಒಮ್ಮೆ ನನ್ನ ಸುತ್ತ ನೋಡಿದರು. "ಹಿಂದೆ ಕಟ್ಟುವ ವೇಷ ಕೊಟ್ಟ ಮೇಲೆ ಕಟ್ಟುವ ಜನವನ್ನೂ ಕೊಡಬೇಕು ಮಾಸ್ಟ್ರೆ. ನಮ್ಮ ಚೌಕಿಯಲ್ಲಿ ಅಷ್ಟಾದರೂ ಉಂಟು" ಎಂದು ಹೇಳಿ ವಾಪಸ್ ಕ್ಯೂವಿಗೆ ಹೋದರು. ಪಾಪ, ಅವರ ಜಾಗ ಹೋಗಿತ್ತು.

ಎಕೋ ರೂಮಿನ ಹೊರಗೆ ಕೂತಿದ್ದ ಹೆಂಡತಿ ಬೈರಾಸು ನೋಡಿದಳು, ಕಥೆ ಕೇಳಿದಳು. "ಎಕೋಗೆ ಬರುವಾಗ ಮುಂಡು ಉಡಬಾರದು ಅಂತ ಯಾರು ಹೇಳಿದ್ದು ಮಾರಾಯ್ರೆ?"

"ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ."

"ಕೇಳ್ಲಿಕ್ಕೆ ನಾಚಿಕೆ ನಿಮ್ಗೆ. ತೋರಿಸ್ಲಿಕ್ಕೆ ನಾಚಿಕೆ ಇಲ್ಲ."

ಮೇಲೆ ಹೋದ ಮೇಲೆ ಸಿಸ್ಟರ್ ಕೂಡ ಅದನ್ನೇ ಅಂದರು. ಕೇಳಿದ್ದರೆ ಇನ್ನೊಂದು ಗೌನು ಕೊಡುತ್ತಿದ್ದರಂತೆ. ಒಂದನ್ನು ಹಿಂದೆ ತೆರೆದು, ಅದರ ಮೇಲೆ ಇನ್ನೊಂದನ್ನು ಕೋಟಿನ ಹಾಗೆ ಮುಂದೆ ತೆರೆದು ಹಾಕಿದರೆ ಆಯಿತು. ಅಂದರೆ ಒಂದು ಗೌನಿನ ತಪ್ಪು ಮುಚ್ಚಲು ಇನ್ನೊಂದು ಗೌನು.

ಆಪರೇಷನ್ ಏನೋ ಸುಖವಾಗಿ ಆಯಿತು. ಅದರಲ್ಲಿ ಹೇಳುವಂಥದ್ದಿಲ್ಲ, ನಾನು ನಿದ್ದೆಯಲ್ಲಿದ್ದೆ. ರಾತ್ರಿ ಎಚ್ಚರವಾದಾಗ ಗೌನಿನ ಗುಟ್ಟು ಸ್ವಲ್ಪ ಅರ್ಥವಾಯಿತು. ಕೈಗೆ ಡ್ರಿಪ್, ಹೊಟ್ಟೆಗೆ ಹೊಲಿಗೆ. ಎತ್ತಿ ಕೂರಿಸದೆ ಬೆಡ್ ಪ್ಯಾನ್ ಇಡಬೇಕು, ಬಟ್ಟೆ ಬದಲಿಸಬೇಕು. ಹಿಂದೆ ತೆರೆದಿದ್ದರೆ ಮುಂದಿನಿಂದ ಸುಮ್ನೆ ಎಳೆದರೆ ಬಂತು. ಬೆನ್ನಿನ ಅಡಿಯಲ್ಲಿ ಬಟ್ಟೆಯ ಮಡಿಕೆ, ಗಂಟು ಒತ್ತುವುದೂ ಕಡಿಮೆ. ಬಹಳ ದಿನ ಮಲಗಿದವರಿಗೆ ಅಂಥ ಒತ್ತಡದಿಂದಲೇ ಹುಣ್ಣಾಗುತ್ತದೆ. ಮಲಗಿದವನಿಗೆ ಈ ಅಂಗಿಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ರೋಗಿ ಎದ್ದು ನಿಲ್ಲುತ್ತಾನೆ, ಲಿಫ್ಟ್ ಹತ್ತುತ್ತಾನೆ, ಅವನಿಗೂ ಊರಿನಲ್ಲಿ ನಾಲ್ಕು ಜನ ಗುರುತಿನವರು ಇದ್ದಾರೆ ಎಂಬುದನ್ನು ಹೊಲಿದವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನಿದ್ದೆ ಬಾರದೆ ಮೊಬೈಲ್ ಹಿಡಿದೆ. ನೋಡಿದರೆ ಲೋಕದಲ್ಲಿ ಈ ಕಷ್ಟ ನನ್ನೊಬ್ಬನದ್ದಲ್ಲ. ಡಯೇನ್ ವಾನ್ ಫರ್ಸ್ಟನ್‌ಬರ್ಗ್ ಎಂಬ ದೊಡ್ಡ ಫ್ಯಾಷನ್ ಡಿಸೈನರ್ 1974ರಲ್ಲಿ ಮೈಗೆ ಸುತ್ತಿ ಸೊಂಟದಲ್ಲಿ ಕಟ್ಟುವ ಉಡುಪು ಮಾಡಿ ಹೆಸರಾದವರು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ತಮ್ಮ ಗೌನಿಗೆ ಅವರನ್ನೇ ಹಿಡಿದರು. ಅವರು ಕೊಟ್ಟದ್ದೂ ಸುತ್ತುವ ಗೌನೇ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರು ಡಿಸೈನ್ ಕಾಲೇಜಿನವರ ಜೊತೆ ಸೇರಿ ಇನ್ನೊಂದು ಮಾಡಿದರು. ಹಿಂದೆ ಪೂರ್ತಿ ಮುಚ್ಚಿ, ಮುಂದೆ ಒಂದರ ಮೇಲೊಂದು ಬಂದು, ಲಾಡಿಯ ಬದಲು ಟಿಚ್ ಬಟನ್. ಇಂಗ್ಲೆಂಡಿನಲ್ಲೂ ರೋಗಿಗಳ ಮಾನ ಕಾಯಲು ಬೆನ್ ಡಿ ಲಿಸಿ ಎಂಬ ಡಿಸೈನರ್ ಗೌನಿಗೆ ಕೈ ಹಾಕಿದ್ದಾರೆ. ಇಷ್ಟೆಲ್ಲ ದೊಡ್ಡವರು ತಲೆ ಕೆಡಿಸಿಕೊಂಡು ಕಡೆಗೆ ಬಂದು ನಿಂತದ್ದು ಎಲ್ಲಿಗೆ? ಸುತ್ತುವುದಕ್ಕೆ. ನಮ್ಮ ಅಜ್ಜ ಕೋಳಿ ಕೂಗುವ ಮೊದಲು ಕತ್ತಲೆಯಲ್ಲೇ ಮಾಡುತ್ತಿದ್ದ ಕೆಲಸ. ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ. ದಿಂಬು ಹೊಟ್ಟೆಗೆ ಒತ್ತಿ ಹಿಡಿದು ನಕ್ಕೆ.

ಮನೆಗೆ ಬಂದು ಎರಡು ವಾರ ಕಳೆದದ್ದೇ ಕಾಗದದಲ್ಲಿ ಒಂದು ಚಿತ್ರ ಬರೆದುಕೊಂಡು ನಮ್ಮ ಟೈಲರಣ್ಣನ ಅಂಗಡಿಗೆ ಹೋದೆ. ಕದ್ರಿಯಲ್ಲಿ ಅವರ ಅಂಗಡಿ. ಶಾಲೆಗಳ ಯೂನಿಫಾರ್ಮ್ ಹೊಲಿದು ಹೊಲಿದು ಯಾವ ಬಟ್ಟೆಗೂ ಹೆದರದ ಮನುಷ್ಯ.

"ಖಾಕಿ ಬಟ್ಟೆ ನೇಯ್ದ ಊರು ನಮ್ಮದು ಮಾಸ್ಟ್ರೆ" ಎಂದರು ಟೇಪು ಕುತ್ತಿಗೆಗೆ ಹಾಕುತ್ತಾ. ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನವರ ನೇಯ್ಗೆ ಕಾರ್ಖಾನೆ ಇದ್ದ ಕಾಲದ ಸುದ್ದಿ ಅದು. "ಪೊಲೀಸರಿಗೆ ಅಂಗಿ ಕೊಟ್ಟಿದ್ದೇವೆ. ರೋಗಿಗೆ ಕೊಡ್ಲಿಕ್ಕೆ ಆಗುವುದಿಲ್ವಾ?"

ಕೂತು ನೋಡಿದರೆ ಪೊಲೀಸರ ಅಂಗಿ ಸುಲಭ. ಸ್ಟೀಲಿನ ಗುಂಡಿ ಇಡುವಾ ಎಂದರು. ಆಗುವುದಿಲ್ಲ, ಎಂಆರ್‌ಐ ರೂಮಿಗೆ ಕಬ್ಬಿಣ, ಸ್ಟೀಲು ಬಿಡುವುದಿಲ್ಲ ಎಂದೆ. ಜಿಪ್ಪು? ಅದೇ ಕಥೆ. ವೆಲ್ಕ್ರೊ? ಅದಕ್ಕೆ ಅವರೇ ತಲೆ ಅಲ್ಲಾಡಿಸಿದರು. ನಾಲ್ಕು ಸಲ ಒಗೆದರೆ ನೂಲು, ಕೂದಲು ಎಲ್ಲ ಅದರಲ್ಲೇ ಸಿಕ್ಕಿಕೊಂಡು ಹಿಡಿತ ಬಿಡುತ್ತದೆ. ಹಾಗಾದ್ರೆ ಮುಂದೆ ಮುಚ್ಚಿ ಬದಿಯಲ್ಲಿ ಲಾಡಿ ಕಟ್ಟುವಾ ಎಂದರು.

"ತೋಳು?"

"ತೋಳಿಗೆ ಎಂತ? ತೋಳು ತೋಳೇ."

"ಡ್ರಿಪ್ ಹಾಕಿದವ ಅಂಗಿ ಬದಲಿಸುವುದು ಹೇಗೆ? ಬಾಟಲಿಯನ್ನೂ ತೋಳಿನೊಳಗೆ ತೂರಿಸಬೇಕಾಗ್ತದೆ."

ಟೈಲರಣ್ಣ ಕತ್ತರಿ ಕೆಳಗಿಟ್ಟು ಒಂದು ಚಾ ತರಿಸಿದರು. ಕೊನೆಗೆ ಭುಜದಿಂದ ತೋಳಿನ ತುದಿಯವರೆಗೆ ಸೀಳಿ, ಮೂರು ಕಡೆ ಪ್ಲಾಸ್ಟಿಕ್ಕಿನ ಟಿಚ್ ಬಟನ್ ಇಡುವುದು ಎಂದಾಯಿತು. ಅಳತೆ ಬಂದಾಗ ಮಾತ್ರ ಅವರಿಗೆ ನಿಜವಾಗಿ ಬೇಸರವಾಯಿತು. "ಕಡ್ಡಿಯಂಥವನಿಗೂ ನಿಮ್ಮಂಥವರಿಗೂ ಒಂದೇ ಅಳತೆಯಾ? ಅದನ್ನು ಟೈಲರಿಂಗ್ ಅಂತ ಹೇಳ್ಲಿಕ್ಕಾಗುವುದಿಲ್ಲ." ಮುಂಡಿಗೆ ಯಾವ ಅಳತೆ ಉಂಟು, ಸಪುರದವ ಎರಡು ಸುತ್ತು ಜಾಸ್ತಿ ಸುತ್ತುತ್ತಾನೆ ಎಂದೆ. ಅದು ಅವರಿಗೆ ಹಿಡಿಸಿತು. ಬದಿಯಲ್ಲಿ ಅರ್ಧ ಮೀಟರು ಬಟ್ಟೆ ಹೆಚ್ಚು ಬಿಟ್ಟರು.

ಸ್ಯಾಂಪಲ್ ತಯಾರಾದ ದಿನ ಅಂಗಡಿಯಲ್ಲೇ, ಪ್ಯಾಂಟಿನ ಮೇಲೆಯೇ, ಹಾಕಿ ನೋಡಿದೆ. ಕಟ್ಟಲು ಯಾರೂ ಬೇಕಾಗಲಿಲ್ಲ. ಮುಂದಿನಿಂದ ತಂದು, ಹೊಟ್ಟೆಯ ಬದಿಗೆ ನಾನೇ ಗಂಟು ಹಾಕಿದೆ. ತಿರುಗಿದೆ. ಬಗ್ಗಿದೆ. ಎಲ್ಲೂ ಗಾಳಿ ಆಡಲಿಲ್ಲ. ತೋಳಿನ ಟಿಚ್ ಬಟನ್ ಟಪಟಪ ತೆಗೆದೆ, ಹಾಕಿದೆ. ಬಟ್ಟೆಯ ಅಂಗಡಿಯಲ್ಲಿ ಹಸಿರು ಮುಗಿದಿತ್ತು, ಹಾಗಾಗಿ ಸ್ಯಾಂಪಲ್ ಕೆಂಪು. ಬ್ಲೌಸು ಕೊಂಡು ಹೋಗಲು ಬಂದಿದ್ದ ಅಕ್ಕನೊಬ್ಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು:

"ಯಾವ ಮೇಳ?"

ಆ ಕೆಂಪು ಗೌನು ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಆಸ್ಪತ್ರೆಗೆ ತೋರಿಸುವಾ ಎಂದು ಹೊಟ್ಟೆಯ ಹೊಲಿಗೆ ತೋರಿಸಲು ಹೋದ ದಿನ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಕೆಮ್ಮಿ ಎಂದರು. ಕೆಮ್ಮಿದೆ. ಇನ್ನೊಂದು ಕಡೆ ಒತ್ತಿದರು. ಇನ್ನೊಮ್ಮೆ ಕೆಮ್ಮಿ ಎಂದರು.

"ಮಾಡಿದ್ದು ಚೆನ್ನಾಗಿ ಉಂಟು. ಎಡಗಡೆಗೂ ಸಣ್ಣದೊಂದು ಇರುವ ಹಾಗೆ ಕಾಣ್ತದೆ. ಅವಸರ ಇಲ್ಲ, ಮಳೆಗಾಲ ಮುಗಿಯಲಿ, ನೋಡುವಾ."

ಚೀಲ ತೆರೆಯಲೇ ಇಲ್ಲ. ಮನೆಗೆ ಬಂದ ಕೂಡಲೇ ಹೆಂಡತಿ ಒಂದು ಚೀಟಿಯಲ್ಲಿ ಬರೆದುಕೊಂಡಳು: ಫೈಲು, ಟೂತ್‌ಬ್ರಷ್, ಮುಂಡು ಮೂರು.

ಸಂಜೆ ಶೆಟ್ರ ಫೋನು. ಆಟ ಯಾವಾಗ, ಪ್ರಸಂಗ ಯಾವುದು ಎಂದು ಅದೂ ಇದೂ ಮಾತಾಡಿ ಕಡೆಗೆ ಮೆಲ್ಲ ಕೇಳಿದರು, "ಮಾಸ್ಟ್ರೆ, ಆ ಬೈರಾಸು ಒಂದು ನಿಮ್ಮಲ್ಲೇ ಉಳಿದಿದೆ ಅಲ್ವಾ?"

"ಉಂಟು ಶೆಟ್ರೆ" ಎಂದೆ. "ಮಳೆಗಾಲ ಮುಗಿಯಲಿ, ಕೊಡ್ತೇನೆ."