23 ಕಿಲೋ ಸಂಸಾರ

ವಿಮಾನದ ಟಿಕೆಟ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಒಂದು ಬ್ಯಾಗು, 23 ಕಿಲೋ. ಓದಲು ಪರದೇಶಕ್ಕೆ ಹೊರಟಿದ್ದ ನನಗೆ ಮೊದಲ ಪಾಠ ಅಲ್ಲಿಂದಲೇ ಶುರುವಾಯಿತು. ಹಿಂದಿನ ರಾತ್ರಿ ಕೈತಕ್ಕಡಿಯ ಕೊಕ್ಕೆಗೆ ಸೂಟ್‌ಕೇಸ್ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿದೆ. 26.4. ಅಮ್ಮ ತುಂಬಿದ್ದನ್ನು ನಾನು ತೆಗೆಯುವುದು, ನಾನು ತೆಗೆದದ್ದನ್ನು ಅಮ್ಮ ಇನ್ನೊಂದು ಮೂಲೆಗೆ ತುರುಕುವುದು. ರಾತ್ರಿ ಎರಡು ಗಂಟೆಗೆ 22.9ಕ್ಕೆ ಬಂದು ನಿಂತೆವು. ವರ್ಷಗಟ್ಟಲೆ ಸಂಸಾರ ಮಾಡಲು ಒಬ್ಬನಿಗೆ ಇಷ್ಟು ಸಾಕು ಅಂತ ವಿಮಾನದವರು ತೀರ್ಮಾನ ಮಾಡಿಬಿಟ್ಟಿದ್ದರು.

ಹೋಗಿ ಇಳಿದ ವಾರದಲ್ಲೇ ನಾನದನ್ನು ಮರೆತೆ. ಖಾಲಿ ರೂಮು ಕಂಡರೆ ಕೈ ಸುಮ್ನೆ ಇರುವುದಿಲ್ಲ, ಅಲ್ವಾ? ಕೆಟಲ್, ಪಾತ್ರೆ, ಟೇಬಲ್ ಲ್ಯಾಂಪ್, ಹ್ಯಾಂಗರ್‌ಗಳು ಅಂತ ಮೊಬೈಲಿನಲ್ಲಿ ಒಂದೊಂದೇ ಆರಿಸಿದೆ. ಒಟ್ಟು ಮೊತ್ತ ನೋಡಿ ಆ ಚಳಿಯಲ್ಲೂ ಬೆವರು ಬಂತು. ಅಷ್ಟರಲ್ಲಿ ಎದುರು ರೂಮಿನ ಸೀನಿಯರ್ ಓದು ಮುಗಿಸಿ ಹೊರಟಿದ್ದಳು. ಅವಳಿಗೂ ಅದೇ 23 ಕಿಲೋ. ರಟ್ಟಿನ ಡಬ್ಬಿಯೊಂದನ್ನು ತಂದು ನನ್ನ ಬಾಗಿಲ ಮುಂದಿಟ್ಟು, "ಬೇಕಾದ್ದು ತಗೋ. ಹೋಗುವಾಗ ಮುಂದಿನವರಿಗೆ ಬಿಟ್ಟು ಹೋಗು" ಎಂದಳು.

ಅದರಲ್ಲಿದ್ದ ಪಾತ್ರೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದಕ್ಕೊಂದು ಉದ್ದನೆಯ ಹಿಡಿ. ಹಿಡಿಯ ಕೆಳಗೆ ಮೊಳೆಯಿಂದ ಗೀಚಿದ ನಾಲ್ಕು ಹೆಸರುಗಳು. ಅವುಗಳಲ್ಲಿ ಎರಡು ನನಗೆ ಓದಲು ಬಾರದ ಲಿಪಿಯಲ್ಲಿದ್ದವು. ಹಿಡಿಯ ಸ್ಕ್ರೂ ಸಡಿಲ. ಭಾನುವಾರ ಕತ್ತರಿಯ ತುದಿಯಿಂದ ಬಿಗಿ ಮಾಡಿದರೆ ಗುರುವಾರದ ತನಕ ಗಟ್ಟಿಯಾಗಿರುತ್ತದೆ. ಶುಕ್ರವಾರ, ಶನಿವಾರ ಬಟ್ಟೆ ಹಿಡಿದು ಇಳಿಸಬೇಕು. ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಮುಖ ಸಿಂಡರಿಸಿದರು. "ಯಾರ್ಯಾರು ಬಳಸಿದ್ದೋ ಏನೋ. ಹೊಸದೊಂದು ತಗೋಬಾರದೇನೋ?"

ಪರಿಸರ ಉಳಿಸಲು ಹಳೇದನ್ನು ಬಳಸುತ್ತೇನೆ ಅಂತ ಆಮೇಲೆ ಎಲ್ಲರ ಮುಂದೆ ಕೊಚ್ಚಿಕೊಂಡದ್ದು ನಿಜ. ಅಸಲಿಗೆ ಜೇಬಿನಲ್ಲಿ ಕಾಸಿರಲಿಲ್ಲ. ವಿದ್ಯಾರ್ಥಿಗಳ ಹಸಿರು ಬದುಕಿನಲ್ಲಿ ಮುಕ್ಕಾಲು ಪಾಲು ಹೀಗೇ ಅಂತ ನನ್ನ ಅನುಮಾನ.

ಬಟ್ಟೆ ಒಗೆಯುವ ಮೆಷಿನ್ನಿನ ವಿಷಯದಲ್ಲಿ ಮಾತ್ರ ಜೇಬಿಗೆ ಲಾಭವಿರಲಿಲ್ಲ. ಎಷ್ಟು ಡಿಗ್ರಿಗೆ ಒಗೆದರೂ ಒಂದೇ ದುಡ್ಡು. ಆದರೆ ಬಿಸಿನೀರಿನಲ್ಲಿ ಒಗೆಯುವಾಗ ಕರೆಂಟು ಹೆಚ್ಚಾಗಿ ಖರ್ಚಾಗುವುದು ಡ್ರಮ್ ತಿರುಗಿಸುವುದಕ್ಕಲ್ಲ, ನೀರು ಕಾಯಿಸುವುದಕ್ಕೆ. ಒಳಗೆ ಬರುವ ನೀರು 15 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. 30ಕ್ಕೆ ಒಗೆದರೆ 15 ಡಿಗ್ರಿ ಏರಿಸಿದರೆ ಮುಗಿಯಿತು. 60ಕ್ಕೆ ಒಗೆದರೆ 45 ಏರಿಸಬೇಕು. ನೇರ ಮೂರು ಪಟ್ಟು. ಈ ಲೆಕ್ಕ ಗೊತ್ತಿದ್ದೂ ಒಮ್ಮೆ 60ಕ್ಕೆ ಇಟ್ಟೆ. ಹೊರಬಂದ ಸ್ವೆಟರ್ ಒಂದನೇ ಕ್ಲಾಸಿನ ಮಗುವಿಗೆ ಸರಿಹೋಗುತ್ತಿತ್ತು. ಅಂದಿನಿಂದ 30 ದಾಟಿಲ್ಲ.

ಅಡುಗೆಮನೆಯ ಕಸದ ಡಬ್ಬಿಗಳದ್ದು ಬೇರೆಯೇ ಕಥೆ. ಸಾಲಾಗಿ ನಾಲ್ಕು, ನಾಲ್ಕಕ್ಕೂ ಬೇರೆ ಬಣ್ಣ. ಕಾಗದದ ಲೋಟ ಹಿಡಿದು ಅವುಗಳ ಮುಂದೆ ವೈವಾ ಕೊಡಲು ಬಂದವನಂತೆ ನಿಂತಿದ್ದೆ. ಕಾಗದದ್ದು ತಾನೇ ಅಂತ ಕಾಗದದ ಡಬ್ಬಿಗೆ ಹಾಕಿದೆ. ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ನೀರು ಸೋರದಿರಲಿ ಅಂತ ಲೋಟದ ಒಳಗೋಡೆಗೆ ಪ್ಲಾಸ್ಟಿಕ್ಕಿನ ತೆಳ್ಳನೆ ಪದರ ಅಂಟಿಸಿರುತ್ತಾರೆ ಅಂತ ಅವತ್ತು ಗೊತ್ತಾಯಿತು. ಮೂರು ಬಾಣಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮರುಬಳಕೆಯ ಗುರುತು ಇದೆಯಲ್ಲ, ಅದನ್ನು ಬರೆದವನೂ ಒಬ್ಬ ವಿದ್ಯಾರ್ಥಿಯೇ. 1970ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸ್ಪರ್ಧೆಗಾಗಿ ಗ್ಯಾರಿ ಆಂಡರ್ಸನ್ ಅದನ್ನು ಬರೆದ. ಆಗ ಅವನಿಗೆ 23 ವರ್ಷ. ನನ್ನ ಬದುಕಿನಲ್ಲಿ ಈ 23 ಯಾಕೋ ಬೆನ್ನು ಬಿಡುತ್ತಿಲ್ಲ. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಹೆಚ್ಚುಕಡಿಮೆ ಅದೇ ಗುರುತಿನೊಳಗೆ 1ರಿಂದ 7ರ ತನಕ ಅಂಕಿ ಕೂರಿಸಿದರು. ಆ ಅಂಕಿ ಹೇಳುವುದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಮಾತ್ರ. ಬಾಣ ಇದೆ ಅಂದ ಮಾತ್ರಕ್ಕೆ ಅದು ಮರುಬಳಕೆ ಆಗೇ ಆಗುತ್ತದೆ ಅಂತಲ್ಲ. ಹಾಲ್ ಟಿಕೆಟ್ ಸಿಕ್ಕವರೆಲ್ಲ ಪಾಸಾಗುತ್ತಾರಾ?

ಹೀಗೆ ಲೋಟ, ಸ್ವೆಟರ್, ಪಾತ್ರೆ ಅಂತ ಬೀಗುತ್ತಿದ್ದವನು ಒಂದು ರಾತ್ರಿ ವಿಮಾನದ ಲೆಕ್ಕ ಹಾಕಿ ಕೆಟ್ಟೆ. ಏಳೆಂಟು ಸಾವಿರ ಕಿಲೋಮೀಟರ್ ದೂರ ಹೋಗಿ ಬಂದರೆ ಒಬ್ಬನ ಪಾಲಿಗೇ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್. ನನ್ನ ಉಳಿತಾಯವೆಲ್ಲ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಗಂತ ಅಮ್ಮನನ್ನು ನೋಡಲು ಹೋಗುವುದು ತಪ್ಪು ಅಂತ ಯಾರಾದರೂ ಹೇಳಿದರೆ ನಾನು ಕೇಳುವವನಲ್ಲ. ವರ್ಷಕ್ಕೆರಡು ಸಲ ಹೋಗುವ ಬದಲು ಒಂದೇ ಸಲ ಹೋಗಿ ಜಾಸ್ತಿ ದಿನ ಇದ್ದು ಬಂದೆ. ಗೆಳೆಯರು ಶನಿವಾರ, ಭಾನುವಾರಕ್ಕೆಂದು ಅಗ್ಗದ ಟಿಕೆಟ್ ಹಿಡಿದು ಹಾರುತ್ತಿದ್ದಾಗ ಮಾತ್ರ ಜೊತೆಗೆ ಹೋಗಲಿಲ್ಲ. ರೈಲು ಹತ್ತಿದೆ. ಅದೇನೂ ತ್ಯಾಗವಲ್ಲ. ರೈಲಿನಲ್ಲಿ ಬ್ಯಾಗು ತೂಗುವವರಿಲ್ಲ.

ಓದು ಮುಗಿಯಿತು. ಕೊನೆಯ ಭಾನುವಾರ ರಾತ್ರಿ ಮತ್ತೆ ಅದೇ ಕೈತಕ್ಕಡಿ ತೆಗೆದೆ. ಸೂಟ್‌ಕೇಸ್ 23.0ಕ್ಕೆ ಬಂದು ನಿಂತಿತು. ತಕ್ಕಡಿಯನ್ನು ಒಳಗೆ ಹಾಕಲು ಹೋದಾಗ ಹೊಳೆಯಿತು, ಇದರ ತೂಕ ನೋಡುವವರು ಯಾರು? ಅದನ್ನೂ ರಟ್ಟಿನ ಡಬ್ಬಿಗೇ ಹಾಕಿದೆ. ಪಾತ್ರೆಯ ಹಿಡಿಯ ಕೆಳಗೆ ನಾಲ್ಕು ಹೆಸರಾದ ಮೇಲೆ ಬೆರಳಗಲ ಜಾಗ ಉಳಿದಿತ್ತು. ಮೊಳೆ ಹುಡುಕಿ ನನ್ನ ಹೆಸರು ಕೊರೆದೆ. ಹೊಸ ಹುಡುಗ ಬರುವುದು ಸೋಮವಾರ. ಸ್ಕ್ರೂ ಇನ್ನೊಮ್ಮೆ ಬಿಗಿ ಮಾಡಿದೆ. ಗುರುವಾರದ ತನಕ ಅವನಿಗೇನೂ ತೊಂದರೆಯಿಲ್ಲ. ಕತ್ತರಿಯನ್ನೂ ಪಾತ್ರೆಯ ಒಳಗೇ ಇಟ್ಟೆ.